ಅಳುತ್ತಿದ್ದನೋ, ಬೈಯುತ್ತಿದ್ದನೋ

ಹೋದ ವಾರ ಬೀರು ಖಾಲಿ ಮಾಡುತ್ತಿದ್ದೆ. ಹಳೆಯ ಹಾಜರಿ ಪುಸ್ತಕವೊಂದರ ನಡುವಿನಿಂದ ಒಂದು ಕಾರ್ಬನ್ ಹಾಳೆ ಜಾರಿ ಕಾಲ ಮೇಲೆ ಬಿತ್ತು. ನೀಲಿ ಕಾರ್ಬನ್ನು, ಅಂಚೆಲ್ಲ ಸುರುಳಿ ಸುತ್ತಿಕೊಂಡಿತ್ತು. ಎಪ್ಪತ್ತರ ಹತ್ತಿರ ಬಂದ ಹೆಂಗಸು ನಾನು, ಯಾರಾದರೂ ನೋಡುತ್ತಾರೇನೋ ಎಂದು ಅತ್ತಿತ್ತ ನೋಡಿ ಅದನ್ನು ಮೂಗಿಗೆ ಹಿಡಿದೆ. ಮೇಣಕ್ಕೆ ಸೀಮೆಎಣ್ಣೆ ಬೆರೆಸಿದಂಥ ಆ ವಾಸನೆ ಇಷ್ಟು ವರ್ಷವಾದರೂ ಪೂರ್ತಿ ಹೋಗಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗೆರೆಯ ಮೇಲೆ ಗೆರೆ, ಅಕ್ಷರದ ಮೇಲೆ ಅಕ್ಷರ... ಎಲ್ಲವೂ ನನ್ನದೇ ಕೈಬರಹ, ಒಂದು ಪದವನ್ನೂ ಓದಲು ಆಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅದು ಸಿ.ಐ.ಡಿ. ಮಾಮನ ಕಾರ್ಬನ್ನು.

ಮದ್ದೂರಿನಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಪೊಲೀಸ್ ಇಲಾಖೆಯಲ್ಲಿ ದಫೇದಾರರು, ಆದರೆ ಖಾಕಿ ಹಾಕುವ ಕೆಲಸ ಅವರದಲ್ಲ. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಯಾರು ಏನು ಮಾತಾಡುತ್ತಾರೆ, ಯಾರ ಮನೆಗೆ ಯಾರು ಬಂದರು, ಯಾವ ಸಭೆಯಲ್ಲಿ ಯಾರು ಕೂಗಾಡಿದರು ಎಂಬುದನ್ನೆಲ್ಲ ಗುಟ್ಟಾಗಿ ತಿಳಿದುಕೊಂಡು ಮಂಡ್ಯದ ಕಚೇರಿಗೆ ಬರೆದು ಕಳಿಸುವುದು ಅವರ ಕೆಲಸ. ಗುಟ್ಟಾಗಿ ಅಂತೆ! ಪಂಚೆ, ಬಿಳಿ ಅಂಗಿ, ಕಂಕುಳಲ್ಲಿ ಕೊಡೆ ಎಲ್ಲ ಸರಿಯೇ, ಕಾಲಲ್ಲಿ ಮಾತ್ರ ಪೊಲೀಸರ ಕೆಂಪು ಬೂಟು. ಬೇರೆ ಚಪ್ಪಲಿ ಹಾಕಿದರೆ ಹಿಮ್ಮಡಿ ನೋಯುತ್ತದೆ ಎನ್ನುತ್ತಿದ್ದರು. ಪೇಟೆ ಬೀದಿಯಲ್ಲಿ ಹೊರಟರೆ ಕಾಫಿ ಹೋಟೆಲಿನವರು, ಬೀಡಿ ಅಂಗಡಿಯವರು, ಬಸ್ಸಿನ ಕಂಡಕ್ಟರುಗಳು ಎಲ್ಲರೂ "ಏನ್ ಸಿ.ಐ.ಡಿ. ಅಣ್ಣ, ಈವತ್ತು ಯಾರ್ ಮ್ಯಾಲೆ ಕಣ್ಣು?" ಎಂದು ಕೇಳುವವರೇ. ಅವರು ನಕ್ಕು "ನಿನ್ ಮ್ಯಾಲೇ ಕಣ್ಲಾ" ಎಂದು ಮುಂದೆ ಹೋಗುತ್ತಿದ್ದರು.

ಅವರ ಕೆಲಸದ ರೀತಿ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಯಾರ ಬಗ್ಗೆ ವರದಿ ಬರೆಯಬೇಕೋ ಅವರ ಹತ್ತಿರವೇ ಹೋಗಿ ಕೂತು ಕೇಳುತ್ತಿದ್ದರು. ಬರೆದಾದ ಮೇಲೆ ಅದನ್ನು ಅವರಿಗೇ ಓದಿ ಹೇಳುತ್ತಿದ್ದರು. "ನೋಡಪ್ಪ, ನಿನ್ ಮ್ಯಾಲೆ ಇಂಗ್ ಬರ್ದಿವ್ನಿ. ಸುಳ್ಳಿದ್ರೆ ಈಗ್ಲೇ ಯೋಳು, ಆಮೇಲ್ ಯೋಳ್ಬ್ಯಾಡ." ಕಬ್ಬಿನ ಬೆಲೆಗಾಗಿ ರಸ್ತೆ ತಡೆ ಮಾಡಿದ್ದ ನಿಡಘಟ್ಟದ ಮುಖಂಡರೊಬ್ಬರು, ಸಭೆಗೆ ಬಂದ ಜನವನ್ನು ಕಮ್ಮಿ ಬರೆದಿದ್ದೀರಿ ಎಂದು ನಮ್ಮ ಮನೆಯ ಜಗಲಿಯ ಮೇಲೆ ಕೂತು ಜಗಳವಾಡಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಪ್ರಪಂಚದಲ್ಲಿ ಬೇರೆಲ್ಲೂ ಗೂಢಚಾರಿಕೆ ಹೀಗೆ ನಡೆದಿರಲಾರದು. ಆದರೆ ಒಂದು ಮಾತು ಹೇಳಬೇಕು. ಅವರ ವರದಿಯಿಂದ ಯಾರಿಗಾದರೂ ಅನ್ಯಾಯವಾಯಿತು ಎಂದು ನಾನು ಮುಂದೆ ಹೇಳುವ ಸಂಗತಿಯವರೆಗೆ ಕೇಳಿರಲಿಲ್ಲ.

ಆ ವರದಿಗಳನ್ನು ಬರೆಯುತ್ತಿದ್ದವಳು ನಾನು. ಅವರದು ಬೆಸಗರಹಳ್ಳಿ ಕಡೆಯ ಒಕ್ಕಲು ಮನೆತನ, ಅಕ್ಷರ ಅಷ್ಟಕ್ಕಷ್ಟೆ. ಕೋಳಿ ಕೆದಕಿದ ಹಾಗೆ ಬರೆಯುತ್ತಾನೆ ಎಂದು ಮಂಡ್ಯದ ಸಾಹೇಬರು ಅವರ ಕಾಗದವನ್ನು ಒಮ್ಮೆ ಮುಖಕ್ಕೇ ಎಸೆದಿದ್ದರಂತೆ. ನನ್ನ ತಂದೆ ಪ್ರೈಮರಿ ಶಾಲೆಯ ಹೆಡ್‌ಮಾಸ್ತರಾಗಿದ್ದು ತೀರಿಕೊಂಡಿದ್ದರು, ನನಗೆ ಆಗ ತಾನೇ ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಟೀಚರ್ ಕೆಲಸ ಸಿಕ್ಕಿತ್ತು. ಮಾಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಹೇಳುವುದು, ನಾನು ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ಒತ್ತಿ ಬರೆಯುವುದು. ಮೇಲಿನ ಹಾಳೆ ಮಂಡ್ಯಕ್ಕೆ, ಅಡಿಯದು ಅವರ ಟ್ರಂಕಿಗೆ. ಸರ್ಕಾರದ ಗುಟ್ಟಿನ ಕಾಗದವನ್ನು ಹೊರಗಿನವರ ಕೈಲಿ ಬರೆಸಿದ್ದು ಗೊತ್ತಾದರೆ ಅವರ ನೌಕರಿಯೂ ನನ್ನ ನೌಕರಿಯೂ ಹೋಗುತ್ತಿತ್ತು. ನನಗೆ ಭಯಕ್ಕಿಂತ ಜಂಬವೇ ಜಾಸ್ತಿ. ಅವರ ಹಳ್ಳಿಯ ಮಾತನ್ನು ನಾನು ಬರೆಯುವಾಗಲೇ ತಿದ್ದಿ ಒಳ್ಳೆಯ ಕನ್ನಡ ಮಾಡಿಬಿಡುತ್ತಿದ್ದೆ. "ಜನ ರೇಗವ್ರೆ" ಎಂದರೆ "ಸಾರ್ವಜನಿಕರಲ್ಲಿ ಅಸಮಾಧಾನವಿರುತ್ತದೆ" ಎಂದು ಬರೆಯುವುದು. ನನ್ನ ಕೊಬ್ಬು ನೋಡಿ.

ಎಪ್ಪತ್ತರ ದಶಕ ಮುಗಿಯುವ ವರ್ಷ, ಚಳಿ ಶುರುವಾಗಿದ್ದ ದಿನಗಳಲ್ಲಿ ರೇಡಿಯೋದಲ್ಲಿ ಆ ಸುದ್ದಿ ಬಂತು. ಮೆಕ್ಕಾದ ದೊಡ್ಡ ಮಸೀದಿಯೊಳಕ್ಕೆ ಬಂದೂಕು ಹಿಡಿದವರು ನುಗ್ಗಿ, ಪ್ರಾರ್ಥನೆಗೆ ಬಂದವರನ್ನು ಒಳಗೇ ಕೂಡಿಹಾಕಿದ್ದಾರೆ ಎಂದು. ಯಾರು, ಯಾಕೆ ಎಂಬುದು ಯಾರಿಗೂ ಸರಿಯಾಗಿ ತಿಳಿಯದು. ಒಂದು ದಿನ ಅಮೆರಿಕದವರು ಎಂದರು, ಮರುದಿನ ಅಲ್ಲ, ಮತದ ಹುಚ್ಚು ಹಿಡಿದ ಅವರದೇ ಜನ ಎಂದರು. ನಮ್ಮ ಪೇಟೆಯ ಸಾಬರು ಅಂಗಡಿಯ ಮುಂದೆ ಗುಂಪಾಗಿ ನಿಂತು ಮುಖ ಸಪ್ಪಗೆ ಮಾಡಿಕೊಂಡು ರೇಡಿಯೋ ಕೇಳುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಎರಡೇ ದಿನದಲ್ಲಿ ಮಂಡ್ಯದಿಂದ ಮಾಮನಿಗೆ ಹುಕುಂ ಬಂತು. ಅರಬ್ ದೇಶದಿಂದ ಈಚೆಗೆ ವಾಪಸು ಬಂದವರು ಯಾರು, ಅವರು ಏನು ಬೋಧಿಸುತ್ತಿದ್ದಾರೆ, ಅಂಥ ಬಂದೂಕಿನವರ ಸಂಪರ್ಕ ಉಂಟೋ ಎಂದು ತಿಳಿದು ಕೂಡಲೇ ಬರೆಯತಕ್ಕದ್ದು.

ಮಾಮ ಅವತ್ತು ಊಟ ಮುಗಿಸಿ ಜಗಲಿಯ ಮೇಲೆ ಕೂತು ತಲೆ ಕೆರೆದುಕೊಂಡರು. "ಅಲ್ಲ ಕಣಮ್ಮ, ಅವ್ರ ದ್ಯಾವಸ್ತಾನಾನೇ ಅವ್ರೇ ಇಡ್ಕಂಡವ್ರೆ ಅಂತವ್ರೆ. ಇಲ್ಲಿ ಸಾಬ್ರೆಲ್ಲ ಅಳ್ತಾ ಕೂತವ್ರೆ. ನಾನ್ ಅಳೋರ್ ಮ್ಯಾಲೆ ಕಣ್ಣಿಡ್ಲೋ, ಅಳ್ಸೋರ್ ಮ್ಯಾಲೆ ಕಣ್ಣಿಡ್ಲೋ?"

ಅದಾಗಿ ಒಂದೆರಡು ದಿನಕ್ಕೆ ನಮ್ಮ ಬೀದಿಯ ಕಲಾಯಿ ಸಾಬರು ಮನೆಗೆ ಬಂದರು. ವರ್ಷಕ್ಕೆ ಎರಡು ಸಲ ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು ಅವರೇ. ತಿದಿ ಒತ್ತಿ, ನವಸಾಗರದ ಹೊಗೆಯಲ್ಲಿ ಪಾತ್ರೆ ಉಜ್ಜಿ ಬೆಳ್ಳಗೆ ಮಾಡಿಕೊಟ್ಟರೆ ಅಮ್ಮ ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು. ಅವತ್ತು ಪಾತ್ರೆಗೆ ಬಂದವರಲ್ಲ. ಮಾಮನ ಮುಂದೆ ಕೂತು, ಅಂಗೈಯ ಮಸಿಯನ್ನು ತಿಕ್ಕುತ್ತಾ ತಮ್ಮ ಅಳಿಯನ ವಿಷಯ ಹೇಳಿದರು. ಅಳಿಯ ಮಳವಳ್ಳಿಯಲ್ಲಿದ್ದ. ಮೂರು ವರ್ಷ ಅರಬ್ ದೇಶದಲ್ಲಿ ದುಡಿದು ಆ ಬೇಸಿಗೆಯಲ್ಲಿ ವಾಪಸಾಗಿದ್ದ. ಬಂದವನೇ ಹೆಂಡತಿ ದರ್ಗಾಕ್ಕೆ ಹೋಗಕೂಡದು ಎಂದ. ಅಲ್ಲಿ ಹರಕೆಯ ಸಕ್ಕರೆ ಓದಿಸುವುದು ಪಾಪ ಎಂದ. ಶುಕ್ರವಾರ ಹುಡುಗರನ್ನು ಕೂರಿಸಿಕೊಂಡು ಟೇಪ್ ರೆಕಾರ್ಡರಿನಲ್ಲಿ ಏನೋ ಭಾಷಣ ಹಾಕುತ್ತಾನೆ. ಗುರುತಿಲ್ಲದ ಮೂವರು ಬಂದು ಅವನ ಮನೆಯಲ್ಲಿ ಎರಡು ದಿನ ಇದ್ದು ಹೋದರು. ಮಗಳು ಬಸುರಿ, ದಿನಾ ಕಣ್ಣೀರು ಹಾಕುತ್ತಾಳೆ.

"ಒಂದ್ ಸಲ ಕರೆದು ಗದರ್ಸಿ ದಫೇದಾರಣ್ಣ. ಪೊಲೀಸ್ನೋರ ಭಯ ಒಂದಿದ್ರೆ ಸರಿ ಓಯ್ತಾನೆ. ಅಷ್ಟೇ ಸಾಕು, ಇನ್ನೇನೂ ಮಾಡ್ಬೇಡಿ" ಎಂದು ಕೈ ಮುಗಿದರು. ನಮ್ಮಮ್ಮನಿಗೂ ಆ ದರ್ಗಾ ಎಂದರೆ ನಂಬಿಕೆ. ಚಿಕ್ಕಂದಿನಲ್ಲಿ ನನಗೆ ಬೆಚ್ಚುವ ಕಾಯಿಲೆ ಬಂದಾಗ ಅಲ್ಲಿಂದಲೇ ತಾಯಿತ ಕಟ್ಟಿಸಿದ್ದಳು. ಅವಳು ಬಾಗಿಲ ಹಿಂದಿನಿಂದಲೇ "ಅಯ್ಯೋ, ಬಸುರಿ ಹೆಂಗಸನ್ನ ಅಳಿಸ್ತಾನಲ್ಲ, ಅವನ ಮನೆ ಹಾಳಾಗ" ಎಂದಳು.

ಮಾಮ ತಮ್ಮ ಪದ್ಧತಿಯಂತೆ ನೇರವಾಗಿ ಮಳವಳ್ಳಿಗೆ ಹೋಗಿ ಆ ಅಳಿಯನ ಮನೆಯಲ್ಲೇ ಕೂತು ಚಹಾ ಕುಡಿದು ಬಂದರು. ಬರುವಾಗ ಕಂಕುಳಲ್ಲಿ ಕೊಡೆ, ಕೈಯಲ್ಲಿ ಟೇಪ್ ರೆಕಾರ್ಡರು! ಕ್ಯಾಸೆಟ್ ಕೊಡಪ್ಪಾ, ಕೇಳಿ ವಾಪಸು ಕೊಡ್ತೀನಿ ಎಂದರಂತೆ. ನಿಮ್ಮ ಹತ್ತಿರ ಮೆಷಿನ್ ಎಲ್ಲಿದೆ ಸಾರ್, ಇದನ್ನೂ ತಗೊಂಡು ಹೋಗಿ, ಮುಚ್ಚಿಡೋದು ಏನೂ ಇಲ್ಲ ಎಂದು ಅವನೇ ಬಸ್ಸಿಗೆ ಏರಿಸಿ ಕಳಿಸಿದನಂತೆ. ಅದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, ದೇವರ ಮಾತು, ಒಳ್ಳೆಯವರು ಕೇಳಿದರೆ ಅಳು ಬರುತ್ತದೆ, ಕೆಟ್ಟವರು ಕೇಳಿದರೆ ಭಯವಾಗುತ್ತದೆ ಎಂದನಂತೆ. ಆ ಮೂವರು ಯಾರು ಎಂದಿದ್ದಕ್ಕೆ, ನೆಂಟರು ಎಂದಷ್ಟೇ ಹೇಳಿದನಂತೆ. "ಉಡುಗ ಕೆಟ್ಟೋನಂಗೆ ಕಾಣ್ನಿಲ್ಲ ಕಣಮ್ಮ. ಆದ್ರೆ ಆ ಮೂವರ ಮಾತು ಬಂದಾಗ ಮೊಕ ಆಕಡೆ ತಿರುಗಿಸ್ಕಂಡ" ಎಂದರು ಮಾಮ.

ಭಾನುವಾರ ಮಧ್ಯಾಹ್ನ ಆ ಟೇಪನ್ನು ನಾವು ಮೂವರೂ ಕೂತು ಕೇಳಿದೆವು. ಅಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಒಬ್ಬ ಗಂಡಸಿನ ದನಿ. ಮೊದಲು ಮೆಲ್ಲಗಿತ್ತು, ಬರಬರುತ್ತಾ ಏರಿತು, ಏರಿ ಏರಿ ಒಂದು ಕಡೆ ಒಡೆಯಿತು. ಹಿಂದೆ ಬಹಳ ಜನ ಒಟ್ಟಿಗೆ ಏನೋ ಹೇಳುತ್ತಿದ್ದರು. ಒಂದಕ್ಷರ ನಮಗೆ ಅರ್ಥವಾಗಬೇಕಲ್ಲ. ಅಮ್ಮನ ಕೈ ಅವರೆಕಾಯಿಯ ಮೇಲೇ ನಿಂತುಬಿಟ್ಟಿತು. "ಅಳ್ತಾ ಇದಾನೆ ಕಣೇ ಪಾಪ. ಯಾರನ್ನೋ ಕಳ್ಕೊಂಡಿರಬೇಕು" ಎಂದಳು. ಮಾಮ ತಲೆ ಆಡಿಸಿದರು. "ನಂಗೇನೋ ಬೈದಂಗೇ ಕೇಳ್ತದೆ ಕಣ್ರವ್ವ. ನಮ್ ಸಾಹೇಬ್ರು ಬೈಯೋದೂ ಇಂಗೇ, ಕಡೀಗ್ ಅವ್ರಿಗೂ ಗಂಟ್ಲು ಕಟ್ಕತದೆ." ನಾನು ಒಂದು ಸಲ ಅಮ್ಮನ ಮಾತು ಸರಿ ಎಂದುಕೊಂಡೆ, ಇನ್ನೊಂದು ಸಲ ಮಾಮನದು ಸರಿ ಎಂದುಕೊಂಡೆ. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ಕೇಳಿದೆವು. ಕಲಾಯಿ ಸಾಬರನ್ನೂ ಕರೆಸಿದ್ದಾಯಿತು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿ, ಅರಬ್ಬಿ ಅಕ್ಷರ ಓದುವುದಕ್ಕೆ ಬರುತ್ತದೆ, ಅರ್ಥ ತಮಗೂ ತಿಳಿಯದು ಎಂದರು. ಅವರ ಕಣ್ಣಲ್ಲಿ ಮಾತ್ರ ನೀರಿತ್ತು... ಅದು ಟೇಪಿನ ದನಿಗೋ, ಮಗಳನ್ನು ನೆನೆದೋ.

ಮೈಸೂರಿನಲ್ಲಿ ಅರಬ್ಬಿ ಬಲ್ಲವರಿದ್ದಾರೆ, ನಾಳೆ ಹೋಗಿ ಅವರಿಗೆ ಕೇಳಿಸಿ, ಆಮೇಲೆ ವರದಿ ಬರೆದು, ಮಳವಳ್ಳಿಗೆ ಹೋಗಿ ಆ ಹುಡುಗನಿಗೆ ಓದಿ ಹೇಳಿ ಕಳಿಸೋಣ ಎಂದು ಮಾಮ ಲೆಕ್ಕ ಹಾಕಿದ್ದರು. ಸೋಮವಾರ ಬೆಳಿಗ್ಗೆಯೇ ಠಾಣೆಗೆ ಮಂಡ್ಯದಿಂದ ಫೋನು ಬಂತು. ಮಧ್ಯಾಹ್ನದೊಳಗೆ ವರದಿ ಬರಬೇಕು, ಇಲ್ಲವಾದರೆ ಅಲ್ಲೇ ಸಸ್ಪೆಂಡು. ಮಾಮ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲೇ ನಿಂತು ಹೇಳಿದರು, ನಾನು ಶಾಲೆಗೆ ಹೊರಟವಳು ಹಾಗೇ ಕೂತು ಬರೆದೆ. ಅಳಿಯ, ದರ್ಗಾ, ಮೂವರು ಗುರುತಿಲ್ಲದವರು ಎಲ್ಲ ಆಯಿತು. ಕಡೆಗೆ ಕ್ಯಾಸೆಟ್ಟು. "ಕ್ಯಾಸೆಟ್ನಾಗೆ ಒಬ್ಬ ಜೋರಾಗ್ ಮಾತಾಡ್ತಾನೆ. ಅಳ್ತಾನೋ ಬೈತಾನೋ ನಮ್ಗೆ ಗೊತ್ತಾಗ್ನಿಲ್ಲ. ಭಾಸೆ ಬಲ್ಲೋರ್ನ ಕೇಳ್ಬೇಕು. ಅಂಗಂತ ಬರ್ದು ಮುಗ್ಸಮ್ಮ."

ಇಂಥ ವಾಕ್ಯವನ್ನು ಸರ್ಕಾರಕ್ಕೆ ಹೇಗೆ ಬರೆಯುವುದು? ನಗುತ್ತಾರೆ, ಮಾಮನನ್ನು ದಡ್ಡ ಎನ್ನುತ್ತಾರೆ ಎನಿಸಿತು. ಅವರ ಮಾನ ಉಳಿಸುತ್ತಿದ್ದೇನೆ ಎಂದೇ ತಿಳಿದು ನಾನು ಬರೆದೆ: "ಧ್ವನಿಯು ಉದ್ವೇಗದಿಂದ ಕೂಡಿದ್ದು, ಉದ್ದೇಶವು ಸ್ಪಷ್ಟವಾಗಿರುವುದಿಲ್ಲ." ಎಷ್ಟು ಚೆನ್ನಾಗಿದೆ ಎಂದು ಒಳಗೊಳಗೇ ಬೀಗಿದೆ. ಭಾಷೆ ಬಲ್ಲವರನ್ನು ಕೇಳಬೇಕು ಎಂಬ ಮಾತು ಆ ವಾಕ್ಯದಲ್ಲಿ ಕೂರಲಿಲ್ಲ, ಬಿಟ್ಟೆ. ಬಸ್ಸು ಹೊರಡುವ ಹೊತ್ತು. ಮಾಮ ಓದದೆ ಸಹಿ ಹಾಕಿ, ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಓಡಿದರು. ನನಗೆ ತಿಳಿದಂತೆ ಯಾರಿಗೂ ಓದಿ ಹೇಳದೆ ಹೋದ ಅವರ ವರದಿ ಅದೊಂದೇ.

ಮಾರನೆಯ ದಿನ ಪೊಲೀಸರ ಜೀಪು ಮಳವಳ್ಳಿಗೆ ಹೋಗಿ ಅಳಿಯನನ್ನು ಮಂಡ್ಯಕ್ಕೆ ಎತ್ತಿಕೊಂಡು ಹೋಯಿತು. ಬಸುರಿ ಮಗಳು ಅಪ್ಪನ ಮನೆಗೆ ಬಂದಳು. ಅವಳು ಬಸ್ಸಿಳಿದು ಗಂಟು ಹಿಡಿದು ನಮ್ಮ ಮನೆಯ ಮುಂದೆಯೇ ನಡೆದು ಹೋದಳು, ನಾನು ಕಿಟಕಿಯಿಂದ ನೋಡಿದೆ. ಕಲಾಯಿ ಸಾಬರು ಓಡಿ ಬಂದು ಮಾಮನ ಕೈ ಹಿಡಿದುಕೊಂಡು, ಗದರಿಸಿ ಎಂದಿದ್ದೆನಲ್ಲ, ಬರೀ ಗದರಿಸಿ ಎಂದಿದ್ದೆನಲ್ಲ ಎಂದು ಅದನ್ನೇ ಹೇಳಿದರು. ಮಾಮ ಬೂಟು ಕೂಡ ಕಟ್ಟಿಕೊಳ್ಳದೆ ಮಂಡ್ಯದ ಬಸ್ಸು ಹಿಡಿದರು.

ಸಂಜೆ ವಾಪಸು ಬಂದವರು ಜಗಲಿಯ ಮೇಲೆ ಕೂತು ಅಮ್ಮನಿಗೆ ಹೇಳುತ್ತಿದ್ದರು, ನಾನು ಒಳಗೆ ಬಾಗಿಲಿನ ಹಿಂದೆ ನಿಂತಿದ್ದೆ. ಸಾಹೇಬರು ಕಾಗದ ಮುಂದೆ ಹಿಡಿದರಂತೆ. ಉದ್ದೇಶ ಸ್ಪಷ್ಟವಿಲ್ಲ ಎಂದು ನೀನೇ ಬರೆದಿದ್ದೀಯ, ಉದ್ವೇಗ ಎಂದು ನೀನೇ ಬರೆದಿದ್ದೀಯ, ಮೂವರು ಅಪರಿಚಿತರು ಬೇರೆ, ಈಗ ಅವನನ್ನು ಬಿಡಿ ಎಂದು ಹೇಗೆ ಬಂದೆ ಎಂದರಂತೆ. "ಊಂ, ನಾನೇ ಬರ್ದಿದ್ದು ಅಂದೆ ಕಣ್ರವ್ವ" ಎಂದರು ಮಾಮ, ಅಷ್ಟೇ. ಹೊರಗೆ ಬಂದು, ಅದು ನಿಮ್ಮ ಮಾತಲ್ಲ ಮಾಮ, ನನ್ನದು ಎನ್ನಬೇಕಿತ್ತು. ನೌಕರಿ ಕಣ್ಣ ಮುಂದೆ ಬಂತು. ಬಾಗಿಲಿನ ಹಿಂದಿನಿಂದ ಹೊರಗೆ ಕಾಲಿಡಲಿಲ್ಲ. ನಾಚಿಕೆಗೇಡು.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಹಾಳೆ, ಕಾರ್ಬನ್ನು ತಂದು ಮುಂದಿಟ್ಟರು. ಹಿಂದಿನ ವರದಿಯಲ್ಲಿ ತಪ್ಪಾಗಿದೆ ಎಂದು ಇನ್ನೊಂದು ಬರೆಯಬೇಕು. ಕಣ್ಣು ಮುಚ್ಚಲಿಲ್ಲ, ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. "ಅಳ್ತಾನೋ ಬೈತಾನೋ ನಮ್ಗೆ ಗೊತ್ತಾಗ್ನಿಲ್ಲ. ಅಂಗೇ ಬರಿ ತಾಯಿ. ನಾನ್ ಯೋಳ್ದಂಗೇ ಬರಿ." ಬರೆದೆ. ಅವರು ಕಾಗದ ತೆಗೆದುಕೊಂಡು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ತುಟಿ ಆಡಿಸುತ್ತಾ ಪೂರ್ತಿ ಓದಿ ಸಹಿ ಹಾಕಿದರು. ಅವರಿಗೆ ಎಲ್ಲ ತಿಳಿದಿತ್ತು ಎಂದು ಆ ಗಳಿಗೆಯಲ್ಲಿ ನನಗೆ ಅನಿಸಿತು. ಅವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೋ, ಇಲ್ಲವೋ... ಗೊತ್ತಿಲ್ಲ.

ಎರಡನೆಯ ವರದಿ ಅವರಿಗೇ ಮುಳುವಾಯಿತು. ಮೊದಲು ಒಂದು ಬರೆದು ಆಮೇಲೆ ಇನ್ನೊಂದು ಬರೆದವನು ಯಾರ ಕಡೆಯವನು ಎಂಬ ಅನುಮಾನ ಕಚೇರಿಯಲ್ಲಿ ಹುಟ್ಟಿತು. ಕಣ್ಣಿಡುವವರ ಮೇಲೆ ಕಣ್ಣಿಡಲು ಇನ್ನೊಬ್ಬನು ಬಂದು ನಮ್ಮ ಬೀದಿಯ ಕೊನೆಯ ಹೋಟೆಲಿನಲ್ಲಿ ಕೂರತೊಡಗಿದ. ಸಂಕ್ರಾಂತಿ ಕಳೆಯುವುದರೊಳಗೆ ಮಾಮನಿಗೆ ಬೀದರಿನ ಕಡೆಗೆ ವರ್ಗವಾಯಿತು. ಹೊರಡುವ ದಿನ ಅಮ್ಮ ಬುತ್ತಿ ಕಟ್ಟಿಕೊಟ್ಟಳು. ಉಳಿದಿದ್ದ ಕಾರ್ಬನ್ ಹಾಳೆಗಳನ್ನು ನನ್ನ ಕೈಗಿಟ್ಟು ಅವರು, "ನಿನ್ ಅಕ್ಸರ ಸ್ಯಾನೆ ಚೆಂದಾಗದೆ ಕಣಮ್ಮ. ಮಕ್ಳಿಗೆ ಬರ್ಕೊಡು, ಮಿಕ್ಕಿದ್ದು ಬುಡು" ಎಂದರು. ಅದು ಹೊಗಳಿಕೆಯೋ, ಬೈಗುಳವೋ? ನಲವತ್ತಕ್ಕೂ ಹೆಚ್ಚು ವರ್ಷ ಆ ಮಾತನ್ನು ತಿರುಗಿಸಿ ತಿರುಗಿಸಿ ಕೇಳಿಕೊಂಡಿದ್ದೇನೆ, ಆ ಟೇಪಿನ ಹಾಗೆ.

ಅಳಿಯನನ್ನು ಕೆಲವು ವಾರಗಳ ಮೇಲೆ ಬಿಟ್ಟರಂತೆ. ಮಂಡ್ಯಕ್ಕೆ ಹೋದ ಕ್ಯಾಸೆಟ್ಟಿನಲ್ಲಿ ಏನಿತ್ತು ಎಂದು ಯಾರೂ ನಮಗೆ ಹೇಳಲಿಲ್ಲ. ಆದರೆ ಅವನು ಮಳವಳ್ಳಿಗೂ ಬರಲಿಲ್ಲ, ಮದ್ದೂರಿಗೂ ಬರಲಿಲ್ಲ. ಬೊಂಬಾಯಿಗೆ ಹೋಗಿ ಹಡಗು ಹತ್ತಿದ ಎಂದರು ಕೆಲವರು. ಮೊದಲು ಬರೀ ಭಕ್ತ, ಪೊಲೀಸರ ಏಟು ತಿಂದ ಮೇಲೆ ನಿಜವಾಗಿಯೂ ಅಂಥವರ ಜೊತೆ ಸೇರಿದ ಎಂದರು ಇನ್ನು ಕೆಲವರು. ಬಹಳ ವರ್ಷದ ಮೇಲೆ ನಿವೃತ್ತ ಪೊಲೀಸೊಬ್ಬರು, ಆ ಮೂವರ ಪೈಕಿ ಒಬ್ಬ ಎಲ್ಲೋ ಉತ್ತರದಲ್ಲಿ ಸ್ಫೋಟಕ ಇಟ್ಟುಕೊಂಡು ಸಿಕ್ಕಿಬಿದ್ದ ಎಂದು ಹೇಳಿದರು. ನಿಮಗೆ ಖಚಿತವೇ ಎಂದರೆ, ಯಾರೋ ಹೇಳಿದ್ದು ಎಂದರು. ಹಾಗಾದರೆ ನಾನು ಬರೆದದ್ದು ಸರಿಯಾಗಿತ್ತೇ? ಸರಿಯಾಗಿದ್ದರೂ ಅದು ನನಗೆ ಗೊತ್ತಿದ್ದು ಬರೆದದ್ದಲ್ಲವಲ್ಲ! ಅಮಾಯಕನೊಬ್ಬನ ಸಂಸಾರ ಮುರಿದೆನೋ, ಅನಾಹುತವೊಂದು ತಪ್ಪಲು ಕಾರಣಳಾದೆನೋ... ಪತ್ರಿಕೆಯಲ್ಲಿ ಬಾಂಬಿನ ಸುದ್ದಿ ಬಂದಾಗಲೆಲ್ಲ ಸತ್ತವರನ್ನು ನೆನೆದು ಸಂಕಟಪಡುತ್ತೇನೆ, ಆಮೇಲೆ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಅವನ ಹೆಸರಿದೆಯೋ ಎಂದು ಹುಡುಕುತ್ತೇನೆ. ಇದ್ದರೆ ಸಮಾಧಾನವೋ, ಇಲ್ಲದಿದ್ದರೆ ಸಮಾಧಾನವೋ, ಅದೂ ತಿಳಿಯದು.

ತಿಳಿದದ್ದು ಒಂದೇ. ಕಲಾಯಿ ಸಾಬರ ಮಗಳಿಗೆ ಹೆಣ್ಣು ಮಗುವಾಯಿತು, ಅದಕ್ಕೆ ಅಪ್ಪನ ಮುಖ ಗೊತ್ತಿರಲಿಲ್ಲ. ಸಾಬರು ನಮ್ಮ ಬೀದಿಗೆ ಬರುವುದು ಬಿಟ್ಟರು. ನಮ್ಮ ಹಿತ್ತಾಳೆ ಪಾತ್ರೆಗಳು ಕಲಾಯಿಯಿಲ್ಲದೆ ಅಟ್ಟ ಸೇರಿದವು, ಅಮ್ಮ ಸ್ಟೀಲಿನವು ಕೊಂಡಳು. ಮಾಮ ಬೀದರಿನಿಂದ ಎರಡು ಕಾರ್ಡು ಬರೆದರು, ಕೋಳಿ ಕೆದಕಿದಂಥ ಅಕ್ಷರ, ಸ್ವಂತದ್ದು. ನಾನು ಉತ್ತರ ಬರೆಯಲು ಕೂತಾಗಲೆಲ್ಲ ಆ ವಿಷಯ ಮೊದಲು ಹೇಳಬೇಕು ಎನಿಸಿ, ಹೇಳಲಾರದೆ ಪೆನ್ನು ಕೆಳಗಿಡುತ್ತಿದ್ದೆ. ಮುಂದೊಂದು ದಿನ ಬಸ್ಸಿನಲ್ಲಿ ಬೆಸಗರಹಳ್ಳಿಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಳು, ಮಾಮನ ಬಗ್ಗೆ ಕೇಳಿದೆ. "ಅವ್ರಾ? ತೀರ್ಕಂಡು ಬೋ ವರ್ಸ ಆಯ್ತಲ್ಲವ್ವ" ಎಂದಳು. ಟಿಕೆಟ್ಟು ಕೈಯಲ್ಲಿ ಹಿಡಿದು ನಾನು ಇಳಿಯುವ ಸ್ಟಾಪು ದಾಟಿ ಹೋಗಿದ್ದೆ.

ಇಷ್ಟೆಲ್ಲ ನೆನಪಾಗಿ, ಹೋದ ವಾರ ನೆಲದಿಂದ ಎದ್ದು ಮೇಜಿನ ಹತ್ತಿರ ಹೋದೆ. ಎರಡು ಬಿಳಿ ಹಾಳೆಯ ನಡುವೆ ಆ ಕಾರ್ಬನ್ನು ಇಟ್ಟು ಒತ್ತಿ ಬರೆದೆ. ಅಳ್ತಾನೋ ಬೈತಾನೋ ನಮ್ಗೆ ಗೊತ್ತಾಗ್ನಿಲ್ಲ. ಭಾಸೆ ಬಲ್ಲೋರ್ನ ಕೇಳ್ಬೇಕು. ಒಂದಕ್ಷರ ತಿದ್ದಲಿಲ್ಲ. ಕೆಳಗೆ ಮೊದಲ ಸಲ ನನ್ನ ಸಹಿ ಹಾಕಿದೆ. ಅಡಿಯ ಹಾಳೆ ತೆಗೆದು ನೋಡಿದರೆ ಅಲ್ಲೊಂದು ಇಲ್ಲೊಂದು ಅಕ್ಷರ ಮಂಕಾಗಿ ಮೂಡಿತ್ತು. ಮೇಲಿನದು ಮಂಡ್ಯಕ್ಕೆ, ಅಡಿಯದು ಮಾಮನ ಟ್ರಂಕಿಗೆ. ಎರಡೂ ನನ್ನ ಹತ್ತಿರವೇ ಉಳಿದಿವೆ.